ಮರಗೆಲಸದ ಮೆಷಿನ್‌ಗೆ ವ್ಯಾಕ್ಯೂಮ್ ಕೊಳ್ಳುವ ಮುಂಚೆ: ವಾಟ್ ಆಮೇಲೆ, ಪೈಪು ಫಿಲ್ಟರ್ ಮೊದಲು

ತುಮಕೂರಿನ ಕ್ಯಾತಸಂದ್ರದಲ್ಲಿ ನಮ್ಮ ಮನೆ ಹಿಂದೆ ಒಂದು ಶೆಡ್ ಇದೆ. 12 ಅಡಿ ಅಗಲ, 18 ಅಡಿ ಉದ್ದ. ನನ್ನ ಮರಗೆಲಸವೆಲ್ಲ ಅಲ್ಲೇ. ಕೆಲವು ವರ್ಷದ ಹಿಂದೆ ಚೇಳೂರು ಕಡೆಯಿಂದ ತಂದ ಹಲಸಿನ ಹಲಗೆಗೆ ಇಡೀ ದಿನ ಸ್ಯಾಂಡರ್ (ಮರ ಉಜ್ಜಿ ನುಣುಪು ಮಾಡುವ ಮೆಷಿನ್) ಹಿಡಿದೆ. ಸಂಜೆ ಒಳಗೆ ಬಂದು ಮೂಗು ಸೀಟಿದರೆ ಕರ್ಚೀಫೆಲ್ಲ ಹಳದಿ. "ಏನ್ರೀ, ಮೂಗಿಗೆ ಅರಿಶಿನ ಶಾಸ್ತ್ರ ಮಾಡಿಸಿಕೊಂಡ್ರಾ?" ಅಂತ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಮೂಗಲ್ಲಿ ಇಷ್ಟಿದ್ದರೆ ಎದೆಯೊಳಗೆ ಎಷ್ಟಿರಬೇಕು?

ಮಾರನೇ ದಿನ ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನೇ ತಂದು ಸ್ಯಾಂಡರ್‌ಗೆ ಸಿಕ್ಕಿಸಿದೆ. ಮೂರು ವಾರ ಬಾಳಿತು. ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂತು, ಮೋಟಾರ್ ನಿಂತಿತು. ಆಮೇಲೆ ಪೆಟ್ಟಿಗೆ ಮೇಲೆ ದೊಡ್ಡದಾಗಿ 1600 ವಾಟ್ ಅಂತ ಬರೆದಿದ್ದ ಇನ್ನೊಂದನ್ನು ತಂದೆ. ಅದು ಹತ್ತೇ ನಿಮಿಷಕ್ಕೆ ಕಟ್ಟಿಕೊಂಡು ಸೊರಗುತ್ತಿತ್ತು. ಮೂರನೆಯದನ್ನು ಕೊಳ್ಳುವಾಗಷ್ಟೇ ಏನು ನೋಡಬೇಕು ಅಂತ ಗೊತ್ತಾಗಿದ್ದು. ನೀವು ಎರಡು ಸಲ ದುಡ್ಡು ಕಳೆಯೋದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಕಾಣುವ ಹೊಟ್ಟು, ಕಾಣದ ಪುಡಿ

ನೆಲದ ಮೇಲೆ ಬೀಳುವ ಹೊಟ್ಟು ಪೊರಕೆಗೆ ಸಿಗುತ್ತದೆ. ಅದರಿಂದ ತೊಂದರೆ ಕಡಿಮೆ. ಗಾಳಿಯಲ್ಲಿ ತೇಲುವ ನುಣುಪು ಪುಡಿಯೇ ನಿಜವಾದ ಕಾಟ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 10 ಮೈಕ್ರಾನ್‌ಗಿಂತ ಸಣ್ಣ ಕಣ ಮೂಗನ್ನು ದಾಟಿ ಶ್ವಾಸಕೋಶಕ್ಕೆ ಇಳಿಯಬಲ್ಲದು, ಮತ್ತೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಸೈನಸ್‌ನ ಕ್ಯಾನ್ಸರ್ ಅದರಲ್ಲಿ ಮುಖ್ಯ. ಎಂಡಿಎಫ್ (ಮರದ ನಾರು, ಅಂಟು ಸೇರಿಸಿ ಒತ್ತಿದ ಹಲಗೆ), ಪ್ಲೈವುಡ್ ಕೊಯ್ದರೆ ಮರದ ಜೊತೆ ಅಂಟಿನ ಪುಡಿಯೂ ಸೇರುತ್ತದೆ.

ನಮ್ಮ ಕಡೆ ಬಹಳ ಜನ ಆಚಾರ್ರ ಹತ್ತಿರ ಇರೋದು ಬ್ಲೋವರ್. ಕೆಲಸ ಮುಗಿದ ಮೇಲೆ ಬರ್ರ್ ಅಂತ ಊದಿದರೆ ಮೇಜು ಕ್ಲೀನ್. ಪುಡಿ ಎಲ್ಲಿಗೆ ಹೋಯಿತು? ಮೇಜಿನ ಮೇಲೆ ಸುಮ್ನೆ ಕೂತಿದ್ದನ್ನು ಎಬ್ಬಿಸಿ ನಮ್ಮ ಮೂಗಿಗೇ ಕಳಿಸಿದ ಹಾಗಾಯಿತು ಅಷ್ಟೆ.

ಹೆಜ್ಜೆ 1: ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತುಂಬಿಸಿ

ನಿಮ್ಮ ಹತ್ತಿರ ಇರುವ ಮೆಷಿನ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ಮೂರು ವಿಷಯ: ಅದು ಉಗುಳೋದು ಸಿಪ್ಪೆಯೋ ಪುಡಿಯೋ, ಹೊಟ್ಟು ಹೊರಗೆ ಬರುವ ಬಾಯಿಯ ಅಳತೆ ಎಷ್ಟು, ಮೆಷಿನ್ ಎಷ್ಟು ವಾಟ್.

ಬಾಯಿಯ ಅಳತೆಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ತೆಗೆಯಿರಿ. ಟೇಪು ಸಾಲದು. ಒಳಗಿನ ಅಗಲ, ಹೊರಗಿನ ಅಗಲ ಎರಡೂ ಬೇಕು, ಏಕೆಂದರೆ ಕೆಲವು ಪೈಪು ಬಾಯಿಯ ಒಳಗೆ ಕೂರುತ್ತವೆ, ಕೆಲವು ಮೇಲೆ ಕೂರುತ್ತವೆ. ಒಂದೇ ಕಂಪನಿಯ ಎರಡು ಮೆಷಿನ್‌ಗೂ ಬೇರೆ ಬೇರೆ ಅಳತೆ ಇರುವುದುಂಟು.

ಸ್ಯಾಂಡರ್ ಬರೀ ಪುಡಿ ಕೊಡುತ್ತದೆ, ಅದೂ ಅತಿ ನುಣುಪಾದದ್ದು. ಸರ್ಕ್ಯುಲರ್ ಸಾ, ಜಿಗ್‌ಸಾ ಎರಡನ್ನೂ ಬೆರೆಸಿ ಕೊಡುತ್ತವೆ. ಹಲಗೆ ಹೆರೆಯುವ, ಕೈಯಲ್ಲಿ ಹಿಡಿಯುವ ಪ್ಲೇನರ್ ರಾಶಿ ರಾಶಿ ಸಿಪ್ಪೆ ಕಕ್ಕುತ್ತದೆ. ಸಣ್ಣ ಪೈಪು ಹಾಕಿದರೆ ಎರಡೇ ಹಲಗೆಗೆ ಗಂಟಲು ಕಟ್ಟುತ್ತದೆ. ಮರದ ಅಂಚು, ಗಾಡಿ ಕೊರೆಯುವ ರೌಟರ್ ಎಲ್ಲ ದಿಕ್ಕಿಗೂ ಎರಚುತ್ತದೆ. ಅದಕ್ಕೆ ಬಿಟ್‌ನ (ಕೊರೆಯುವ ಅಲಗಿನ) ಸುತ್ತ ಪ್ಲಾಸ್ಟಿಕ್ ಮುಸುಕು ಹಾಕದಿದ್ದರೆ ಎಂಥಾ ವ್ಯಾಕ್ಯೂಮ್ ತಂದರೂ ಅಷ್ಟೇ.

ಇನ್ನು ನಮ್ಮೂರ ಮಹಾಪ್ರಸಾದ, ನಾಲ್ಕಿಂಚಿನ ಮಾರ್ಬಲ್ ಕಟ್ಟರ್‌ಗೆ ಮರದ ಬ್ಲೇಡ್ ಹಾಕಿ ಪ್ಲೈ ಕೊಯ್ಯೋದು. ಅದಕ್ಕೆ ಹೊಟ್ಟಿನ ಬಾಯಿಯೇ ಇಲ್ಲ. ಅದನ್ನು ಯಾವ ವ್ಯಾಕ್ಯೂಮ್‌ಗೂ ನೆಟ್ಟಗೆ ಜೋಡಿಸಲು ಆಗುವುದಿಲ್ಲ. ದಿನಾ ಪ್ಲೈ ಕೊಯ್ಯುವವರು ವ್ಯಾಕ್ಯೂಮ್‌ಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ತೆಗೆದು, ಹೊಟ್ಟಿನ ಬಾಯಿ ಇರುವ ಸರ್ಕ್ಯುಲರ್ ಸಾ ಮೊದಲು ಕೊಳ್ಳಿ. ಬೆರಳಿಗೂ ಒಳ್ಳೆಯದು.

ಹೆಜ್ಜೆ 2: ಸ್ಟ್ರಾ ಬೇಕೋ, ತೂಬು ಬೇಕೋ

ಹೊಟ್ಟು ಎಳೆಯುವ ಯಂತ್ರಗಳಲ್ಲಿ ಎರಡು ಜಾತಿ. ಒಂದು ಶಾಪ್ ವ್ಯಾಕ್ಯೂಮ್. ಅದು ಎಳನೀರಿನ ಸ್ಟ್ರಾ ಇದ್ದ ಹಾಗೆ, ಪೈಪು ಸಣ್ಣದು, ಸೆಳೆತ ಜೋರು. ಇನ್ನೊಂದು ಡಸ್ಟ್ ಕಲೆಕ್ಟರ್. ಅದು ಕೆರೆ ತೂಬು ಇದ್ದ ಹಾಗೆ, ಸೆಳೆತ ಕಡಿಮೆ, ಆದರೆ ಹರಿಯುವ ಗಾಳಿ ಬಹಳ. ಪೈಪು 4 ಇಂಚು ಅಥವಾ ಅದಕ್ಕಿಂತ ದಪ್ಪ.

ಸ್ಯಾಂಡರ್, ಜಿಗ್‌ಸಾ, ಸರ್ಕ್ಯುಲರ್ ಸಾ, ರೌಟರ್ ಥರ ಕೈಯಲ್ಲಿ ಹಿಡಿಯುವ ಮೆಷಿನ್‌ಗಳಿಗೆ ವ್ಯಾಕ್ಯೂಮ್ ಸರಿ. ಅವುಗಳ ಸಣ್ಣ ಬಾಯಿಯಿಂದ ಗಾಳಿ ಎಳೆಯಲು ಜೋರು ಸೆಳೆತವೇ ಬೇಕು. ಟೇಬಲ್ ಸಾ, ಥಿಕ್‌ನೆಸರ್ (ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಮೆಷಿನ್) ಇದ್ದರೆ ಡಸ್ಟ್ ಕಲೆಕ್ಟರ್ ಕಡೆ ನೋಡಿ. ಥಿಕ್‌ನೆಸರ್‌ಗೆ ವ್ಯಾಕ್ಯೂಮ್ ಹಾಕಿದರೆ ಡಬ್ಬ ಖಾಲಿ ಮಾಡೋದೇ ನಿಮ್ಮ ಕೆಲಸ ಆಗುತ್ತದೆ. ಹಾಗೆಯೇ ಡಸ್ಟ್ ಕಲೆಕ್ಟರಿನ ನಾಲ್ಕಿಂಚು ಪೈಪನ್ನು ಒಂದೂಕಾಲು ಇಂಚಿಗೆ ಇಳಿಸಿ ಸ್ಯಾಂಡರ್‌ಗೆ ಸಿಕ್ಕಿಸಿದರೂ ಪ್ರಯೋಜನವಿಲ್ಲ, ಗಾಳಿ ಅಲ್ಲೇ ಸತ್ತುಹೋಗುತ್ತದೆ. ಮುಂದಿನದೆಲ್ಲ ವ್ಯಾಕ್ಯೂಮ್ ಬಗ್ಗೆ.

ಹೆಜ್ಜೆ 3: ಪೆಟ್ಟಿಗೆ ಮೇಲಿನ ಸಂಖ್ಯೆಗಳನ್ನು ಓದೋದು

ವಾಟ್ ಅಂದರೆ ಅದು ಎಷ್ಟು ಕರೆಂಟ್ ತಿನ್ನುತ್ತದೆ ಅಂತ. ಎಷ್ಟು ಎಳೆಯುತ್ತದೆ ಅಂತ ಅಲ್ಲ. ಜಾಸ್ತಿ ಊಟ ಮಾಡುವವರೆಲ್ಲ ಜಾಸ್ತಿ ಕೆಲಸ ಮಾಡುತ್ತಾರಾ?

ನೋಡಬೇಕಾದ್ದು ಎರಡು ಸಂಖ್ಯೆ. ಒಂದು ಸೆಳೆತ. ಇದನ್ನು ಕಿಲೋಪಾಸ್ಕಲ್ ಅಥವಾ ಮಿಲಿಬಾರ್‌ನಲ್ಲಿ ಬರೆಯುತ್ತಾರೆ, 1 ಕಿಲೋಪಾಸ್ಕಲ್ ಅಂದರೆ 10 ಮಿಲಿಬಾರ್. ಒಳ್ಳೆಯ ವ್ಯಾಕ್ಯೂಮ್‌ಗಳಲ್ಲಿ ಇದು 20ರಿಂದ 25 ಕಿಲೋಪಾಸ್ಕಲ್ ಇರುತ್ತದೆ. ಇನ್ನೊಂದು ಗಾಳಿಯ ಹರಿವು. ಒಬ್ಬರು ಸೆಕೆಂಡಿಗೆ ಇಷ್ಟು ಲೀಟರ್ ಅಂತ ಬರೆದರೆ, ಮತ್ತೊಬ್ಬರು ನಿಮಿಷಕ್ಕೆ, ಮಗದೊಬ್ಬರು ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಅಂತ, ಬರೆಯುತ್ತಾರೆ. ಹೋಲಿಸಲು ಲೆಕ್ಕ ಇಟ್ಟುಕೊಳ್ಳಿ: ಸೆಕೆಂಡಿಗೆ 60 ಲೀಟರ್ ಅಂದರೆ ನಿಮಿಷಕ್ಕೆ 3,600 ಲೀಟರ್, ಹತ್ತಿರ ಹತ್ತಿರ 127 ಸಿಎಫ್‌ಎಂ. ಕೈಮೆಷಿನ್‌ಗಳಿಗೆ ಇಷ್ಟರ ಆಸುಪಾಸು ಇದ್ದರೆ ಸಾಕು.

ಇಲ್ಲೊಂದು ಮಸಲತ್ತಿದೆ. ಪೆಟ್ಟಿಗೆ ಮೇಲಿನ ಸೆಳೆತ, ಪೈಪಿನ ಬಾಯಿ ಪೂರ್ತಿ ಮುಚ್ಚಿದಾಗಿನದು. ಆಗ ಗಾಳಿ ಸೊನ್ನೆ. ಗಾಳಿಯ ಹರಿವು, ಬಾಯಿ ಪೂರ್ತಿ ಬಿಚ್ಚಿದಾಗಿನದು. ಆಗ ಸೆಳೆತ ಸೊನ್ನೆಗೆ ಹತ್ತಿರ. ಎರಡೂ ಒಟ್ಟಿಗೆ ಯಾವತ್ತೂ ಸಿಗುವುದಿಲ್ಲ. ಅಂಗಡಿಯವರು ಪೈಪನ್ನು ನಿಮ್ಮ ಅಂಗೈಗೆ ಅಂಟಿಸಿ "ನೋಡಿ ಸಾರ್, ಕೀಳೋಕೇ ಆಗಲ್ಲ" ಅನ್ನುತ್ತಾರಲ್ಲ, ಅದು ತೋರಿಸೋದು ಸೆಳೆತವನ್ನು ಮಾತ್ರ. ಹೊಟ್ಟನ್ನು ಹೊತ್ತೊಯ್ಯೋದು ಹರಿಯುವ ಗಾಳಿ. ಅಂಗೈ ಪರೀಕ್ಷೆಗೆ ಮರುಳಾಗಬೇಡಿ, ನಾನು ಎರಡನೆಯದನ್ನು ಕೊಂಡಿದ್ದು ಹಾಗೇ.

ಮೋಟಾರ್ ಬಗ್ಗೆಯೂ ಒಂದು ಮಾತು. ಮನೆಬಳಕೆಯ ವ್ಯಾಕ್ಯೂಮ್‌ನಲ್ಲಿ ಎಳೆದ ಗಾಳಿಯೇ ಮೋಟಾರನ್ನು ತಂಪು ಮಾಡುತ್ತದೆ. ಪೈಪೋ ಫಿಲ್ಟರೋ ಕಟ್ಟಿದರೆ ತಂಪು ಗಾಳಿ ನಿಂತು ಮೋಟಾರ್ ಕಾಯುತ್ತದೆ. ಫಿಲ್ಟರ್ ದಾಟಿದ ಪುಡಿ ನೇರ ಮೋಟಾರಿನ ಒಳಗೇ ಹೋಗುತ್ತದೆ. ನನ್ನ ಮೊದಲ ಮೆಷಿನ್ ಸತ್ತಿದ್ದು ಹೀಗೆ. ವೆಟ್ ಅಂಡ್ ಡ್ರೈ ಅನ್ನುವ ಜಾತಿಯಲ್ಲಿ ಸಾಮಾನ್ಯವಾಗಿ ಬೈಪಾಸ್ ಮೋಟಾರ್ ಇರುತ್ತದೆ, ತಂಪಿಗೆ ಬೇರೆ ಫ್ಯಾನು, ಬೇರೆ ಗಾಳಿ. ಮರಗೆಲಸಕ್ಕೆ ಕನಿಷ್ಠ ಇದು ಬೇಕು. ಈ ಜಾತಿಯವು ಐದಾರು ಸಾವಿರದಿಂದ ಸಿಗುತ್ತವೆ.

ಡಬ್ಬದ ಲೀಟರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 15ರಿಂದ 25 ಲೀಟರ್ ಸಾಕು. ಮನೆ ಮನೆಗೆ ಹೋಗಿ ಇಂಟೀರಿಯರ್ ಕೆಲಸ ಮಾಡುವವರಾದರೆ ಚಿಕ್ಕದೇ ಇರಲಿ, ಸ್ಕೂಟರ್ ಮುಂದೆ ಇಟ್ಟುಕೊಂಡು ಹೋಗಬಹುದು.

ಹೆಜ್ಜೆ 4: ಫಿಲ್ಟರ್, ಇಲ್ಲಿ ಕಂಜೂಸುತನ ಬೇಡ

ಕೆಟ್ಟ ಫಿಲ್ಟರ್ ಇರುವ ವ್ಯಾಕ್ಯೂಮ್ ಅಂದರೆ ದುಡ್ಡು ಕೊಟ್ಟು ತಂದ ಬ್ಲೋವರ್. ಮುಂದಿನಿಂದ ದಪ್ಪ ಹೊಟ್ಟು ನುಂಗಿ ಹಿಂದಿನಿಂದ ನುಣುಪು ಪುಡಿ ಉಗುಳುತ್ತದೆ.

ಯುರೋಪಿನ ನಿಯಮದಲ್ಲಿ ಇಂಥ ಯಂತ್ರಗಳಿಗೆ ಎಲ್, ಎಂ, ಎಚ್ ಅಂತ ಮೂರು ದರ್ಜೆ. ಎಲ್ ದರ್ಜೆಯದು ಶೇ. 1ರಷ್ಟು ಪುಡಿಯನ್ನು ಹೊರಗೆ ಬಿಡಬಹುದು, ಎಂ ದರ್ಜೆ ಶೇ. 0.1, ಎಚ್ ದರ್ಜೆ ಶೇ. 0.005. ಮರದ ಪುಡಿಗೆ ಹೇಳಿ ಮಾಡಿಸಿದ್ದು ಎಂ. ಇದರಲ್ಲಿ ಇನ್ನೊಂದು ಅನುಕೂಲ, ಪೈಪಿನೊಳಗೆ ಗಾಳಿಯ ವೇಗ ಸೆಕೆಂಡಿಗೆ 20 ಮೀಟರಿಗಿಂತ ಇಳಿದರೆ ಕೂಗಿ ಹೇಳುತ್ತದೆ. ಆದರೆ ಬೆಲೆ ಹತ್ತಾರು ಸಾವಿರ. ದಿನಕ್ಕೆ ಎಂಟು ಗಂಟೆ ಮುಚ್ಚಿದ ಕೋಣೆಯಲ್ಲಿ ಎಂಡಿಎಫ್ ಕೊಯ್ಯುವವರು ಆ ದುಡ್ಡು ಹಾಕಲೇಬೇಕು ಅನ್ನೋದು ನನ್ನ ಅಭಿಪ್ರಾಯ. ವಾರಕ್ಕೆರಡು ದಿನ ಬಾಗಿಲು ತೆಗೆದ ಶೆಡ್‌ನಲ್ಲಿ ಕೆಲಸ ಮಾಡುವ ನನ್ನಂಥವರು ಸಾಧಾರಣ ವ್ಯಾಕ್ಯೂಮ್‌ಗೆ ಒಳ್ಳೆ ಹೆಪಾ ಫಿಲ್ಟರ್ (ಅತಿ ನುಣುಪು ಪುಡಿಯನ್ನೂ ಹಿಡಿಯುವ ಜಾತಿ), ಅದರ ಮುಂದೆ ಬಟ್ಟೆಯಂಥ ಫ್ಲೀಸ್ ಬ್ಯಾಗ್ ಹಾಕಿಕೊಂಡು ಸಾಗಿಸಬಹುದು, ಮುಖಕ್ಕೆ ಎನ್95 ಮಾಸ್ಕ್ ಇದ್ದರೆ.

ಪೇಪರ್ ಬ್ಯಾಗ್ ಬೇಡ. ಸಿಪ್ಪೆ ಚುಚ್ಚಿ ಹರಿಯುತ್ತದೆ, ನುಣುಪು ಪುಡಿಗೆ ಬೇಗ ಮುಚ್ಚಿಕೊಳ್ಳುತ್ತದೆ. ಫ್ಲೀಸ್ ಬ್ಯಾಗ್ ಮುಕ್ಕಾಲು ತುಂಬಿದರೂ ಗಾಳಿ ಬಿಡುತ್ತದೆ. ಮತ್ತೆ, ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: "ಇದರ ಬ್ಯಾಗು, ಫಿಲ್ಟರು ಬಿಡಿಯಾಗಿ ನಿಮ್ಮಲ್ಲಿ ಇದೆಯಾ? ತೋರಿಸಿ." ತರಿಸಿಕೊಡುತ್ತೇವೆ ಅಂದರೆ ನಂಬಬೇಡಿ. ಬಾಷ್, ಕಾರ್ಚರ್, ಮಕಿಟಾ ಥರದವಕ್ಕೆ ಬಿಡಿಭಾಗ ಹುಡುಕೋದು ಸುಲಭ. ಹೆಸರೇ ಕೇಳದ ಬ್ರ್ಯಾಂಡ್ ಅಗ್ಗಕ್ಕೆ ಸಿಕ್ಕಿದರೆ, ಎರಡು ಫಿಲ್ಟರ್ ಹೆಚ್ಚಿಗೆ ಕೊಟ್ಟರೆ ಮಾತ್ರ ತಗೊಳ್ಳಿ.

ಮನೆಯಲ್ಲೇ ಪರೀಕ್ಷೆ ಮಾಡೋದು ಹೀಗೆ. ರಾತ್ರಿ ಶೆಡ್‌ನ ದೀಪ ಆರಿಸಿ. ವ್ಯಾಕ್ಯೂಮ್ ಹಾಕಿ ಒಂದು ಹಿಡಿ ಸ್ಯಾಂಡಿಂಗ್ ಪುಡಿ ಎಳೆಸಿ. ಗಾಳಿ ಹೊರಗೆ ಬರುವ ಜಾಗಕ್ಕೆ ಅಡ್ಡಲಾಗಿ ಟಾರ್ಚ್ ಬಿಡಿ. ಬೆಳಕಿನ ಕೋಲಿನಲ್ಲಿ ಹೊಗೆ ಥರ ಕುಣಿದರೆ ಫಿಲ್ಟರ್ ಸೋರುತ್ತಿದೆ ಅಂತ ಅರ್ಥ. ನನ್ನದರಲ್ಲಿ ಕುಣಿಯಿತು. ಬಿಚ್ಚಿ ನೋಡಿದರೆ ಫಿಲ್ಟರ್ ಚೆನ್ನಾಗೇ ಇತ್ತು, ಅದರ ಬುಡದ ರಬ್ಬರ್ ರಿಂಗ್ ಒಂದು ಕಡೆ ಮಡಚಿಕೊಂಡಿತ್ತು.

ಹೆಜ್ಜೆ 5: ಪೈಪು

ಬಹಳ ಜನ ಕಡೆಗಣಿಸೋದು ಇದನ್ನೇ. ಸ್ಯಾಂಡರ್‌ಗೆ 27 ಮಿ.ಮೀ. ಪೈಪು ಹಗುರ, ಕೈಗೆ ಆರಾಮ. ಸರ್ಕ್ಯುಲರ್ ಸಾ, ಪ್ಲೇನರ್‌ಗೆ 35 ಮಿ.ಮೀ. ಬೇಕು. ವ್ಯತ್ಯಾಸ 8 ಮಿ.ಮೀ. ಅಷ್ಟೇ ಅನ್ನಿಸಬಹುದು, ಆದರೆ ಗಾಳಿ ಹೋಗುವ ಜಾಗ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಉದ್ದ 3ರಿಂದ 4 ಮೀಟರ್ ಸಾಕು. ಪೈಪು ಉದ್ದವಾದಷ್ಟೂ, ಸುತ್ತಿಕೊಂಡಷ್ಟೂ ಗಾಳಿ ಸೊರಗುತ್ತದೆ.

ಪೈಪಿಗೂ ಮೆಷಿನ್ನಿಗೂ ಅಳತೆ ಕೂಡದಿದ್ದರೆ ದುಬಾರಿ ಅಡಾಪ್ಟರ್ ಹುಡುಕಬೇಕಾಗಿಲ್ಲ. ಪ್ಲಂಬಿಂಗ್ ಅಂಗಡಿಗೆ ಹೋಗಿ 32 ಮತ್ತು 40 ಮಿ.ಮೀ. ಪಿವಿಸಿ ಪೈಪಿನ ಒಂದೊಂದು ಗೇಣು ತುಂಡು ಕೇಳಿ. ಶೆಡ್‌ನ ಹೊರಗೆ, ಗಾಳಿ ಇರುವ ಕಡೆ, ತುದಿಯನ್ನು ಹೀಟ್ ಗನ್‌ನಲ್ಲಿ ಮೆತ್ತಗಾಗುವಷ್ಟು ಮಾತ್ರ ಕಾಯಿಸಿ, ಅಳತೆಗೆ ಸರಿಯಾದ ಮರದ ಗೂಟಕ್ಕೆ ಒತ್ತಿ ಹಿಡಿದು ತಣ್ಣಗಾಗಲು ಬಿಡಿ. ಸುಡಬೇಡಿ, ಆ ಹೊಗೆ ಕೆಟ್ಟದ್ದು. ಸ್ವಲ್ಪ ಸಡಿಲ ಇದ್ದರೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಾಂಪ್ ಬಿಗಿಯಿರಿ. ನನ್ನ ಸ್ಯಾಂಡರ್ ಇವತ್ತಿಗೂ ಸೈಕಲ್ ಟ್ಯೂಬಿನ ಮೇಲೇ ನಡೆಯುತ್ತಿದೆ.

ಸಿದ್ಧಗಂಗೆ ಜಾತ್ರೆ ಹೊತ್ತಿಗೆ ನಮ್ಮಲ್ಲಿ ಗಾಳಿ ಒಣಗಿರುತ್ತದೆ. ಆಗ ಪ್ಲಾಸ್ಟಿಕ್ ಪೈಪಿನೊಳಗೆ ಪುಡಿ ಉಜ್ಜಿ ಉಜ್ಜಿ ಚಟ್ ಅಂತ ಶಾಕ್ ಹೊಡೆಯುತ್ತದೆ. ಜೀವಕ್ಕೇನೂ ಆಗುವುದಿಲ್ಲ, ಆದರೆ ಸಾ ಹಿಡಿದ ಕೈ ಬೆಚ್ಚಿದರೆ ಅಪಾಯ ತಾನೇ? ಆಂಟಿ ಸ್ಟ್ಯಾಟಿಕ್ ಪೈಪು ಇದಕ್ಕೆ ಮದ್ದು. ಒಂದು ಷರತ್ತು: ಆ ವಿದ್ಯುತ್ ಭೂಮಿಗೆ ಇಳಿಯಲು ದಾರಿ ಬೇಕು. ಎರಡು ಪಿನ್ನಿನ ಪ್ಲಗ್ ಇರುವ ವ್ಯಾಕ್ಯೂಮ್‌ಗೆ ಈ ಪೈಪು ಹಾಕಿದರೆ ಪೂರ್ತಿ ಲಾಭ ಸಿಗುವುದಿಲ್ಲ. ಆಂಟಿ ಸ್ಟ್ಯಾಟಿಕ್‌ಗೆಂದೇ ಮಾಡಿದ ಮೂರು ಪಿನ್ನಿನ ಮೆಷಿನ್, ಶೆಡ್‌ಗೆ ನಿಜವಾದ ಅರ್ಥಿಂಗ್, ಎರಡೂ ಇರಬೇಕು.

ಹೆಜ್ಜೆ 6: ಕರೆಂಟ್ ಲೆಕ್ಕ

ಕೆಲವು ವ್ಯಾಕ್ಯೂಮ್‌ಗಳ ಮೈಮೇಲೇ ಒಂದು ಸಾಕೆಟ್ ಇರುತ್ತದೆ. ಸ್ಯಾಂಡರನ್ನು ಅದಕ್ಕೆ ಚುಚ್ಚಿದರೆ, ಸ್ಯಾಂಡರ್ ಒತ್ತಿದಾಗ ವ್ಯಾಕ್ಯೂಮ್ ತಾನೇ ಶುರುವಾಗುತ್ತದೆ, ಬಿಟ್ಟ ಮೇಲೆ ಕೆಲವು ಸೆಕೆಂಡ್ ಓಡಿ ಪೈಪಿನಲ್ಲಿ ಉಳಿದದ್ದನ್ನು ಎಳೆದುಕೊಂಡು ನಿಲ್ಲುತ್ತದೆ. ಇದನ್ನು ಶೋಕಿ ಅಂದುಕೊಂಡಿದ್ದೆ. ಅಲ್ಲ. ಪ್ರತಿ ಸಲ ಬಗ್ಗಿ ಸ್ವಿಚ್ ಹಾಕಬೇಕಾದರೆ ನಾಲ್ಕನೇ ದಿನ ವ್ಯಾಕ್ಯೂಮ್ ಇಲ್ಲದೇ ಕೆಲಸ ಶುರು ಮಾಡುತ್ತೀರಿ.

ಆದರೆ ಲೆಕ್ಕ ಹಾಕಿ. 1,400 ವಾಟ್ ವ್ಯಾಕ್ಯೂಮ್, 1,400 ವಾಟ್ ಸರ್ಕ್ಯುಲರ್ ಸಾ, ಒಟ್ಟು 2,800. 230 ವೋಲ್ಟ್‌ಗೆ ಭಾಗಿಸಿದರೆ 12 ಆಂಪ್ ದಾಟುತ್ತದೆ. ಮನೆಯ ಸಣ್ಣ ಸಾಕೆಟ್ 6 ಆಂಪ್, ಅಂದರೆ 1,380 ವಾಟ್‌ಗೇ ಮುಗಿಯಿತು. 16 ಆಂಪ್ ಪವರ್ ಸಾಕೆಟ್ ಬೇಕೇ ಬೇಕು. ವ್ಯಾಕ್ಯೂಮ್‌ನ ಸಾಕೆಟ್ ಪಕ್ಕ ಗರಿಷ್ಠ ಎಷ್ಟು ವಾಟ್‌ನ ಮೆಷಿನ್ ಚುಚ್ಚಬಹುದು ಅಂತಲೂ ಬರೆದಿರುತ್ತದೆ, ಓದಿ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವುದಾದರೆ ತಂತಿ 2.5 ಚದರ ಮಿ.ಮೀ. ಇರಲಿ. ತೆಳು ತಂತಿಯದು ಅರ್ಧ ಗಂಟೆಯಲ್ಲಿ ಬಿಸಿ ಬಜ್ಜಿ ಆಗುತ್ತದೆ. ಸಂಜೆ ವೋಲ್ಟೇಜ್ ಇಳಿಯುವ ಕಡೆ ಎರಡನ್ನೂ ಒಟ್ಟಿಗೆ ಓಡಿಸುವ ದೊಡ್ಡ ಕೆಲಸ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಹೆಜ್ಜೆ 7: ಸೈಕ್ಲೋನ್, ಮತ್ತು ನನ್ನ ಬಕೆಟ್ ಕಥೆ

ವ್ಯಾಕ್ಯೂಮ್‌ಗೂ ಮೆಷಿನ್ನಿಗೂ ನಡುವೆ ಇಡುವ, ಆಲಿಕೆಯಾಕಾರದ ಪ್ಲಾಸ್ಟಿಕ್ ಕೊಳವೆಯೇ ಸೈಕ್ಲೋನ್. ಗಾಳಿ ಅದರೊಳಗೆ ಸುಳಿ ಸುತ್ತುತ್ತದೆ, ಭಾರದ ಹೊಟ್ಟು ಗೋಡೆಗೆ ಬಡಿದು ಕೆಳಗಿನ ಬಕೆಟ್‌ಗೆ ಬೀಳುತ್ತದೆ, ನುಣುಪು ಪುಡಿ ಮಾತ್ರ ಫಿಲ್ಟರ್‌ಗೆ ಹೋಗುತ್ತದೆ. ಬಹುಪಾಲು ಹೊಟ್ಟು ಬಕೆಟ್‌ನಲ್ಲೇ ಉಳಿಯುವುದರಿಂದ ಬ್ಯಾಗಿನ ಖರ್ಚು ಬಹಳ ಇಳಿಯುತ್ತದೆ. ಸ್ವಲ್ಪ ಸೆಳೆತ ಕಳೆಯುತ್ತದೆ ನಿಜ, ಆದರೂ ವ್ಯಾಕ್ಯೂಮ್ ಬಿಟ್ಟರೆ ನಾನು ಹಾಕಿದ ಅತ್ಯಂತ ಸಾರ್ಥಕ ದುಡ್ಡು ಇದು.

ನಾನು 20 ಲೀಟರಿನ ಪೇಂಟ್ ಬಕೆಟ್‌ಗೆ ಕೂರಿಸಿದೆ. ಎರಡನೇ ದಿನ ಪ್ಲೇನರ್ ಸಿಪ್ಪೆ ಪೈಪಿನಲ್ಲಿ ಸಿಕ್ಕಿಕೊಂಡಿತು. ಧಡ್ ಅಂತ ಶಬ್ದ. ತಿರುಗಿ ನೋಡಿದರೆ ಬಕೆಟ್ ಯಾರೋ ಒದ್ದ ಹಾಗೆ ಒಳಗೆ ಕುಸಿದಿತ್ತು, ಮುಚ್ಚಳ ಬಟ್ಟಲಾಗಿತ್ತು. ಆಮೇಲೆ ಲೆಕ್ಕ ಹಾಕಿದೆ: 30 ಸೆಂ.ಮೀ. ಅಗಲದ ಮುಚ್ಚಳದ ಮೇಲೆ 20 ಕಿಲೋಪಾಸ್ಕಲ್ ಅಂದರೆ ಸುಮಾರು 140 ಕೆ.ಜಿ. ಭಾರ. ಇಬ್ಬರು ದೊಡ್ಡವರು ಹತ್ತಿ ಕೂತ ಹಾಗೆ! ಈಗ ಒಂದರೊಳಗೊಂದು ಎರಡು ಬಕೆಟ್ ಇಟ್ಟು, ಮುಚ್ಚಳದ ಕೆಳಗೆ 12 ಮಿ.ಮೀ. ಪ್ಲೈವುಡ್ ವೃತ್ತ ಬಿಗಿದಿದ್ದೇನೆ. ಗಟ್ಟಿ ಉಕ್ಕಿನ ಡ್ರಮ್ ಸಿಕ್ಕರೆ ಇನ್ನೂ ಒಳ್ಳೆಯದು. ಮುಚ್ಚಳದ ಅಂಚಿಗೆ ಫೋಮ್ ಟೇಪ್ ಹಾಕಿ. ಅಲ್ಲಿ ಕೂದಲೆಳೆಯಷ್ಟು ಗಾಳಿ ಸೋರಿದರೂ ಬಿದ್ದ ಹೊಟ್ಟನ್ನು ಮತ್ತೆ ಎಬ್ಬಿಸಿಕೊಂಡು ಹೋಗುತ್ತದೆ.

ಹೆಜ್ಜೆ 8: ತಂದ ಮೇಲೆ

ಸ್ಯಾಂಡರ್‌ಗೆ ಅಂಟಿಸುವ ಸ್ಯಾಂಡ್‌ಪೇಪರ್ ಡಿಸ್ಕ್‌ನ ತೂತುಗಳು, ಮೆಷಿನ್ನಿನ ಪ್ಯಾಡ್‌ನ ತೂತುಗಳ ಮೇಲೆ ಸರಿಯಾಗಿ ಕೂತಿವೆಯಾ ನೋಡಿ. 5 ಇಂಚಿನದರಲ್ಲಿ ಸಾಮಾನ್ಯವಾಗಿ 8 ತೂತು. ಅವಸರದಲ್ಲಿ ಅಡ್ಡಾದಿಡ್ಡಿ ಅಂಟಿಸಿದರೆ ತೂತು ಮುಚ್ಚಿ, ವ್ಯಾಕ್ಯೂಮ್ ಸುಮ್ನೆ ಕೂಗುತ್ತಿರುತ್ತದೆ, ಪುಡಿ ಪಕ್ಕದಿಂದ ಹಾರುತ್ತದೆ. ಪ್ಯಾಡ್‌ನ ಅಂಚಿಗೆ ಒಂದು ಗೆರೆ ಹಾಕಿಟ್ಟುಕೊಂಡರೆ ಕಣ್ಣಳತೆ ಸಿಗುತ್ತದೆ. ಸೆಳೆತ ಪೂರ್ತಿ ಇಟ್ಟರೆ ಸ್ಯಾಂಡರ್ ಹಲಗೆಗೆ ಕಚ್ಚಿಕೊಂಡು ಸುರುಳಿ ಗೀರು ಬೀಳುತ್ತದೆ. ವೇಗ ಇಳಿಸಿ, ಅಥವಾ ಪೈಪಿನ ಹಿಡಿಕೆಯ ಗಾಳಿ ಕಿಂಡಿ ಸ್ವಲ್ಪ ತೆಗೆಯಿರಿ.

ಫಿಲ್ಟರ್ ಕಟ್ಟಿದೆಯಾ ಅಂತ ತಿಳಿಯಲು ನನ್ನದೊಂದು ಉಪಾಯ. ದೊಡ್ಡ ಕಸದ ಚೀಲವನ್ನು ಗಾಳಿಯಲ್ಲಿ ಬೀಸಿ ಉಬ್ಬಿಸಿ, ಬಾಯಿಯನ್ನು ಪೈಪಿಗೆ ಬಿಗಿಯಾಗಿ ಹಿಡಿದು ವ್ಯಾಕ್ಯೂಮ್ ಹಾಕುತ್ತೇನೆ. ಹೊಸ ಫಿಲ್ಟರ್‌ನಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಚೀಲ ಸೊರಗುತ್ತಿತ್ತು. ಎಂಟು ಎಣಿಸುವ ಹಾಗಾದರೆ ಕ್ಲೀನ್ ಮಾಡುವ ಕಾಲ ಬಂತು. ಫಿಲ್ಟರನ್ನು ಗೋಡೆಗೆ ಬಡಿಯಬೇಡಿ, ಮಡಿಕೆ ಹರಿಯುತ್ತದೆ. ಹೊರಗೆ, ಮಾಸ್ಕ್ ಹಾಕಿ, ಮೆತ್ತಗೆ ತಟ್ಟಿ. ತೊಳೆಯಬಹುದಾದ ಫಿಲ್ಟರ್ ಆದರೆ ಪೂರ್ತಿ ಒಣಗದೆ ಹಾಕಬೇಡಿ, ಹಸಿ ಫಿಲ್ಟರಿಗೆ ಪುಡಿ ಬಿದ್ದರೆ ರಾಗಿ ಅಂಬಲಿ ಥರ ಮೆತ್ತಿಕೊಳ್ಳುತ್ತದೆ.

ಒಂದು ತಪ್ಪು ಮಾತ್ರ ಮಾಡಲೇಬೇಡಿ: ಮರಕ್ಕೆ ಬಳಸುವ ವ್ಯಾಕ್ಯೂಮ್‌ನಲ್ಲಿ ಗ್ರೈಂಡರ್‌ನ ಕಬ್ಬಿಣದ ಕಿಡಿ ಎಳೆಯೋದು. ಒಣ ಹೊಟ್ಟು, ಮೇಲೆ ಕಿಡಿ, ಜೊತೆಗೆ ಜೋರು ಗಾಳಿ. ತಿದಿ ಊದಿದ ಕುಲುಮೆಗೂ ಇದಕ್ಕೂ ಏನು ವ್ಯತ್ಯಾಸ? ಎಣ್ಣೆ ಪಾಲಿಶ್ ಒರೆಸಿದ ಬಟ್ಟೆಯನ್ನೂ ಹೊಟ್ಟಿನ ಡಬ್ಬದ ಹತ್ತಿರ ಬಿಡಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು.

ಬಕೆಟ್ ತುಂಬಿದ ಹಲಸು, ತೇಗದ ಹೊಟ್ಟನ್ನು ಬಿ.ಎಚ್. ರಸ್ತೆಯ ಹೋಟೆಲಿನವರು ಹೊಟ್ಟಿನ ಒಲೆಗೆ ಒಯ್ಯುತ್ತಾರೆ. ಪ್ಲೈವುಡ್, ಎಂಡಿಎಫ್ ಪುಡಿ ಕೊಡಬಾರದು, ಅಂಟು ಸುಟ್ಟ ಹೊಗೆ ಅಡುಗೆ ಮಾಡುವವರ ಕಣ್ಣಿಗೇ ಹೋಗುತ್ತದೆ. ಕೊಟ್ಟಿಗೆಗೂ ಬೇಡ, ಗೊಬ್ಬರದ ಗುಂಡಿಗೂ ಬೇಡ. ಆ ಚೀಲಕ್ಕೆ ನಾನು ಕೆಂಪು ದಾರ ಕಟ್ಟಿ ಬೇರೆ ಮೂಲೆಯಲ್ಲಿಡುತ್ತೇನೆ. ಹೋಟೆಲ್ ಹುಡುಗನಿಗೂ ಈಗ ಗೊತ್ತಾಗಿದೆ, ಕೆಂಪು ದಾರ ಕಂಡರೆ ಮುಟ್ಟುವುದಿಲ್ಲ.